ಪದಚರ್ಚೆ: ‘ಡಿಕ್ಲೇರ್ ದ ಗ್ರೇನ್’ — ಕನ್ನಡದಲ್ಲಿ ಏನೆನ್ನೋಣ? (ತುರ್ತು)

ಇಂದ: ಕರಡುಪ್ರತಿ

ಎಲ್ಲರಿಗೂ ನಮಸ್ಕಾರ. ಎಂಟರ್‌ಪ್ರೈಸ್ ಡೇಟಾ ವೇರ್‌ಹೌಸ್ (ಸಂಸ್ಥೆಯ ಎಲ್ಲ ವಿಭಾಗಗಳ ಮಾಹಿತಿಯನ್ನು ಒಂದೆಡೆ ಕೂಡಿಡುವ ಉಗ್ರಾಣ) ಕಟ್ಟುವಾಗ ವ್ಯವಹಾರದ ಕಡೆಯವರು ಪಾಲಿಸಬೇಕಾದ ಎಂಟು ಸೂತ್ರಗಳ ಗೋಡೆಫಲಕವೊಂದು ಕನ್ನಡಕ್ಕೆ ಆಗಬೇಕು. ಓದುವವರು ಪ್ರೋಗ್ರಾಮರುಗಳಲ್ಲ, ಮಾರಾಟ, ಲೆಕ್ಕಪತ್ರ, ದಾಸ್ತಾನು ವಿಭಾಗಗಳವರು. ನಾಳೆ ಬೆಳಿಗ್ಗೆ ಹತ್ತಕ್ಕೆ ಮುದ್ರಣಕ್ಕೆ ಹೋಗುತ್ತದೆ.

ತಲೆಬರಹ ‘ದತ್ತಾಂಶ ಕಣಜ: ಎಂಟು ಸೂತ್ರಗಳು’ ಎಂದಿದೆ. ಸಿಕ್ಕಿಬಿದ್ದಿರುವುದು ನಾಲ್ಕನೆಯ ಸೂತ್ರ, ‘ಡಿಕ್ಲೇರ್ ದ ಗ್ರೇನ್’. ಕೈಗೆ ಬಂದ ಕರಡಿನಲ್ಲಿ ‘ಧಾನ್ಯವನ್ನು ಘೋಷಿಸಿ’ ಎಂದಿದೆ. ಅದನ್ನು ಹಾಗೇ ಬಿಡುವಂತಿಲ್ಲ. ಶೀರ್ಷಿಕೆಗೆ ಎರಡು ಮೂರು ಪದ, ಕೆಳಗಿನ ವಿವರಣೆಗೆ ಹತ್ತು ಪದ, ಅಷ್ಟೇ ಜಾಗ.

ಇನ್ನೆರಡು ಅನುಮಾನ. ‘ಫ್ಯಾಕ್ಟ್ ಟೇಬಲ್’ ಎಂಬುದನ್ನು ‘ಸತ್ಯಾಂಶ ಕೋಷ್ಟಕ’ ಎಂದೂ ‘ಕನ್‌ಫಾರ್ಮ್ಡ್ ಡೈಮೆನ್ಷನ್’ ಎಂಬುದನ್ನು ‘ದೃಢೀಕೃತ ಆಯಾಮ’ ಎಂದೂ ಮಾಡಿದ್ದಾರೆ. ಸರಿಯೇ?

ಇಂದ: ಹಳಗನ್ನಡಿಗ

ಮೊದಲು ತಲೆಬರಹ ತಿದ್ದಿ. ‘ದತ್ತಾಂಶ ಕಣಜ’ ಅರಿಸಮಾಸ. ದತ್ತಾಂಶ ಸಂಸ್ಕೃತ, ಕಣಜ ಅಚ್ಚಗನ್ನಡ. ಕೇಶಿರಾಜ ಹದಿಮೂರನೆಯ ಶತಮಾನದಲ್ಲೇ ಕೂಡದೆಂದ, ನಯಸೇನ ಅದಕ್ಕೂ ಮುಂಚೆಯೇ ತುಪ್ಪಕ್ಕೆ ಎಣ್ಣೆ ಬೆರೆಸಿದಂತೆ ಎಂದ. ‘ದತ್ತಕೋಶ’ ಎನ್ನಿ, ಎರಡೂ ಒಂದೇ ಕುಲದವು.

ಗ್ರೇನ್‌ಗೆ ‘ಕಣ’. ‘ಕಣ ನಿರ್ದೇಶನ’. ಮುಗಿಯಿತು.

ಇಂದ: ಕೋಷ್ಟಕ

> ಗ್ರೇನ್‌ಗೆ ‘ಕಣ’. ಮುಗಿಯಿತು.

ಮುಗಿದಿಲ್ಲ. ಕಣ ಎಂದೊಡನೆ ಓದುವವರ ಕಣ್ಣಿಗೆ ಒಂದು ಪುಡಿಯಾದರೂ ಕಾಣುತ್ತದೆ, ಇಲ್ಲವೇ ಚುನಾವಣೆಯಾದರೂ ಕಾಣುತ್ತದೆ. ಡೇಟಾ ವೇರ್‌ಹೌಸಿನ ಗ್ರೇನ್ ವಸ್ತುವೇ ಅಲ್ಲ, ಅದೊಂದು ಕರಾರು. ಕೋಷ್ಟಕದ ಒಂದು ಸಾಲು ಹೊರಗೆ ನಡೆದ ಯಾವ ಒಂದಕ್ಕೆ ಸಮ ಎಂಬ ಕರಾರು. ಪದ ಹುಡುಕುವ ಮೊದಲು ಇದು ಮನಸ್ಸಿಗೆ ಬರಬೇಕು, ಇಲ್ಲವಾದರೆ ಧಾನ್ಯದಿಂದ ಕಣಕ್ಕೆ, ಕಣದಿಂದ ಕಾಳಿಗೆ ಸುತ್ತುತ್ತಲೇ ಇರುತ್ತೇವೆ.

ಡೇಟಾ ವೇರ್‌ಹೌಸ್ ವಿನ್ಯಾಸಕ್ಕೆ ಹೆಸರಾದ ರಾಲ್ಫ್ ಕಿಂಬಾಲ್ ಅವರ ಪದ್ಧತಿಯಲ್ಲಿ ನಾಲ್ಕು ಹೆಜ್ಜೆ. ಯಾವ ವಹಿವಾಟನ್ನು ಅಳೆಯುತ್ತೀರಿ ಎಂಬುದು ಮೊದಲನೆಯದು, ಗ್ರೇನ್ ಎರಡನೆಯದು. ಯಾವ ಯಾವ ಆಯಾಮಗಳಿಂದ (ದಿನ, ವಲಯ, ಗ್ರಾಹಕ ಇಂಥವುಗಳಿಂದ) ನೋಡುತ್ತೀರಿ, ಯಾವ ಸಂಖ್ಯೆಗಳನ್ನು ಅಳೆಯುತ್ತೀರಿ ಎಂಬುದೆಲ್ಲ ಆಮೇಲೆ. ಈ ಕ್ರಮ ತಿರುಗುಮುರುಗಾದಾಗಲೇ ಲೆಕ್ಕ ಕೆಡುವುದು. ಬೇಕಾದ ಸಂಖ್ಯೆಗಳ ಪಟ್ಟಿ ಮೊದಲು ಮಾಡಿಕೊಂಡು, ಅವನ್ನೆಲ್ಲ ಒಂದೇ ಕೋಷ್ಟಕಕ್ಕೆ ತುರುಕಿ, ಸಾಲು ಎಂದರೇನು ಎಂದು ಯಾರೂ ಕೇಳದೆ ಹೋಗುತ್ತಾರೆ.

ಗ್ರಾಹಕರಿಂದ ಒಂದು ಆದೇಶ (ಆರ್ಡರ್) ಬಂದಿದೆ ಎನ್ನಿ. ಅದರಲ್ಲಿ ಮೂರು ಸರಕು: 500, 300, 200. ಒಟ್ಟು 1000. ಸಾಗಣೆ ವೆಚ್ಚ ಇಡೀ ಆದೇಶಕ್ಕೆ 90. ಈಗ ಕೋಷ್ಟಕದ ಸಾಲು ಎಂದರೆ ‘ಒಂದು ಆದೇಶದ ಒಂದು ಸರಕು’ ಎಂದಿಟ್ಟುಕೊಂಡಿದ್ದೀರಿ, ಆದರೆ ಸಾಗಣೆ ವೆಚ್ಚದ 90ನ್ನು ಮೂರೂ ಸಾಲಿನಲ್ಲಿ ಬರೆದಿದ್ದೀರಿ. ಸರಕಿನ ಮೊತ್ತ ಕೂಡಿದರೆ 1000, ಸರಿಯಾಗೇ ಬರುತ್ತದೆ. ಅದೇ ವರದಿಯ ಪಕ್ಕದ ಅಂಕಣದಲ್ಲಿ ಸಾಗಣೆ ವೆಚ್ಚ 270 ಎಂದು ಬರುತ್ತದೆ. ಒಂದು ಅಂಕಣ ಸರಿಯಿರುವುದರಿಂದ ಇನ್ನೊಂದನ್ನು ಯಾರೂ ಅನುಮಾನಿಸುವುದಿಲ್ಲ, ಅಪಾಯ ಇರುವುದೇ ಅಲ್ಲಿ.

ಇದಕ್ಕೆ ಪರಿಹಾರ ಎರಡೇ. ಸಾಗಣೆ ವೆಚ್ಚಕ್ಕೆ ‘ಒಂದು ಸಾಲು ಎಂದರೆ ಒಂದು ಆದೇಶ’ ಎಂಬ ಬೇರೆ ಕೋಷ್ಟಕ ಇಡಬೇಕು, ಇಲ್ಲವೇ ಆ 90ನ್ನು ಸರಕಿನ ಬೆಲೆಗೆ ತಕ್ಕಂತೆ 45, 27, 18 ಎಂದು ಹಂಚಬೇಕು. ಹಂಚುವ ನಿಯಮವನ್ನು ತಂತ್ರಾಂಶದವರು ತೀರ್ಮಾನಿಸಬಾರದು. ಬೆಲೆಗೆ ತಕ್ಕಂತೆಯೋ, ತೂಕಕ್ಕೆ ತಕ್ಕಂತೆಯೋ, ಸಮಪಾಲೋ ಎಂಬುದು ವ್ಯವಹಾರದ ತೀರ್ಮಾನ. ಸಮಪಾಲು ಮಾಡಿದರೂ ಒಂದು ಎಚ್ಚರ ಬೇಕು. 100ನ್ನು ಮೂರಕ್ಕೆ ಹಂಚಿದರೆ 33.33ರಂತೆ 99.99 ಆಗುತ್ತದೆ. ಉಳಿದ 0.01 ಯಾವ ಸಾಲಿಗೆ ಸೇರಬೇಕೆಂದು ಮೊದಲೇ ಬರೆದಿಡದಿದ್ದರೆ ತಿಂಗಳ ಕೊನೆಗೆ ಲೆಕ್ಕ ತಾಳೆಯಾಗುವುದಿಲ್ಲ.

ಇಷ್ಟನ್ನೂ ಹೊರುವ ಪದ ಬೇಕು. ‘ಕಣ’ ಹೊರುವುದಿಲ್ಲ.

ನಿಮ್ಮ ಎರಡು ಅನುಮಾನಗಳಿಗೆ: ‘ಸತ್ಯಾಂಶ’ ತಪ್ಪು. ಫ್ಯಾಕ್ಟ್ ಟೇಬಲಿನಲ್ಲಿರುವುದು ನಡೆದದ್ದರ ದಾಖಲೆ, ಸುಳ್ಳಿಗೆ ಎದುರಾದ ಸತ್ಯವಲ್ಲ. ‘ಸಂಗತಿ ಕೋಷ್ಟಕ’ ಎನ್ನಿ. ‘ಅಳತೆ ಕೋಷ್ಟಕ’ವೂ ಆಗಬಹುದಿತ್ತು, ಆದರೆ ಹಾಜರಾತಿಯಂಥವುಗಳಲ್ಲಿ ಅಳೆಯುವ ಸಂಖ್ಯೆಯೇ ಇರುವುದಿಲ್ಲ. ಯಾರು, ಎಲ್ಲಿ, ಯಾವತ್ತು ಬಂದರು ಎಂಬುದಷ್ಟೇ ಇರುತ್ತದೆ. ‘ಸಂಗತಿ’ ಎರಡಕ್ಕೂ ಒಗ್ಗುತ್ತದೆ. ‘ದೃಢೀಕೃತ ಆಯಾಮ’ ಎಂಬುದು ಕನ್‌ಫರ್ಮ್ ಮತ್ತು ಕನ್‌ಫಾರ್ಮ್ ಎರಡನ್ನೂ ಒಂದೇ ಎಂದು ಓದಿದ್ದರ ಫಲ. ಮೊದಲನೆಯದು ದೃಢೀಕರಿಸುವುದು, ಎರಡನೆಯದು ಒಂದಕ್ಕೊಂದು ಹೊಂದಿಸುವುದು. ಅದರ ಬಗ್ಗೆ ಆಮೇಲೆ ಬರೆಯುತ್ತೇನೆ.

ಇಂದ: ಪದಮೂಲ

ವಸ್ತು ಇರಲಿ, ಮೂಲವನ್ನೂ ನೋಡಬೇಡವೇ? ಇಂಗ್ಲಿಷಿನ ಗ್ರೇನ್ ಬಂದದ್ದು ಲ್ಯಾಟಿನ್ನಿನ ಗ್ರಾನುಮ್‌ನಿಂದ. ಅದರಿಂದಲೇ ಗ್ರ್ಯಾನರಿ, ಅಂದರೆ ಕಣಜ. ಅಲ್ಲಿ ಕಾಳಿಗೂ ಕಾಳು ತುಂಬುವ ಮನೆಗೂ ಬೇರು ಒಂದೇ. ತಲೆಬರಹದಲ್ಲಿ ಕಣಜ ಇಟ್ಟಮೇಲೆ ಒಳಗಿನದು ‘ಕಾಳು’ ಆಗುವುದೇ ನ್ಯಾಯ. ಕಾಳು ಗಟ್ಟಿ ಪದ. ಜೊಳ್ಳು ತೂರಿದ ಮೇಲೆ ಉಳಿಯುವುದು ಕಾಳು, ಕಣಜ ಸೇರುವುದು ಅದೇ. ‘ಕಾಳು ಗೊತ್ತುಮಾಡಿ’ ಎನ್ನಿ, ರೂಪಕ ಪೂರ್ತಿಯಾಗುತ್ತದೆ.

ವೇರ್‌ಹೌಸ್‌ಗೆ ‘ಗೋದಾಮು’ ಪರಕೀಯ ಎಂದು ಯಾರೂ ಮೂಗು ಮುರಿಯಬೇಡಿ. ಮಲಯದ ಗುದಂಗ್‌ನಿಂದ ಪೋರ್ಚುಗೀಸರ ಬಾಯಿಗೆ, ಅಲ್ಲಿಂದ ಇಂಗ್ಲಿಷಿನ ಗೋಡೌನ್‌ಗೆ ಹೋದ ಪದವದು. ಮಲಯಕ್ಕೆ ಅದು ದಕ್ಷಿಣದ ಭಾಷೆಗಳಿಂದಲೇ ಹೋಗಿರಬೇಕೆಂದು, ತೆಲುಗಿನ ಗಿಡ್ಡಂಗಿ, ತಮಿಳಿನ ಕಿಡಂಗು ತೋರಿಸಿ ವಾದಿಸುವವರಿದ್ದಾರೆ. ಹಾಗಿದ್ದರೆ ಅದು ಮನೆಗೆ ಮರಳಿದ ಮಗು.

ಇಂದ: ಕೋಷ್ಟಕ

> ಜೊಳ್ಳು ತೂರಿದ ಮೇಲೆ ಉಳಿಯುವುದು ಕಾಳು

ಅದಕ್ಕೇ ಕಾಳು ಬೇಡ. ಕಾಳು ಎಂದರೆ ಒಳ್ಳೆಯದು, ಜೊಳ್ಳು ಎಂದರೆ ಕೆಟ್ಟದ್ದು. ‘ಕಾಳು ಗೊತ್ತುಮಾಡಿ’ ಎಂದು ಓದಿದ ಲೆಕ್ಕಪತ್ರದವರು ಕೆಟ್ಟ ಮಾಹಿತಿ ಸೋಸಿ ತೆಗೆಯಬೇಕು ಎಂದುಕೊಳ್ಳುತ್ತಾರೆ. ಅದು ಏಳನೆಯ ಸೂತ್ರದ ವಿಷಯ, ನಾಲ್ಕನೆಯದಲ್ಲ. ಇಲ್ಲಿ ಹೇಳಬೇಕಾದದ್ದು ಎಷ್ಟು ಸಣ್ಣದಾಗಿ ಬಿಡಿಸಿ ಇಟ್ಟಿದ್ದೀರಿ ಎಂಬುದನ್ನು. ಪದದ ಮೂಲ ಏನೇ ಇರಲಿ, ಫಲಕದ ಮುಂದೆ ನಿಂತವರು ಲ್ಯಾಟಿನ್ ಓದಿರುವುದಿಲ್ಲ.

ಇಂದ: ಎಲ್ಲರಸೊಲ್ಲು

ಕೋಶ್ಟಕ ಅವರು ಹೇಳಿದ್ದರಲ್ಲೇ ಪದ ಇದೆ, ಯಾರೂ ನೋಡಲಿಲ್ಲ. ‘ಬಿಡಿಸಿ’ ಎಂದರಲ್ಲ, ಅದೇ. ‘ಬಿಡಿ’.

ಕಲಿಕೆಮನೆಯಲ್ಲಿ ಎಲ್ಲರೂ ಕಲಿತದ್ದು: ಬಿಡಿ, ಹತ್ತು, ನೂರು. ಎಣಿಕೆಯ ಎಲ್ಲಕ್ಕಿಂತ ಕೆಳಗಿನ ಮನೆ ಬಿಡಿ. ಅದಕ್ಕೆ ಎದುರು ಇಡಿ. ಬಿಡಿಯನ್ನು ಕೂಡಿಸುತ್ತಾ ಹೋದರೆ ಇಡಿ, ಇಡಿಯನ್ನು ಮತ್ತೆ ಬಿಡಿಯಾಗಿಸಲು ಬರುವುದಿಲ್ಲ. ಡೇಟಾ ವೇರ್‌ಹವ್ಸಿನ ಗ್ರೇನ್ ಎಂದರೂ ಇದೇ ಅಲ್ಲವೇ? ನಮ್ಮಲ್ಲೇ ಇರುವ, ಬಾಯಲ್ಲಿ ನಲಿಯುವ ಪದ ಬಿಟ್ಟು ‘ಕಣ ನಿರ್ದೇಶನ’ ಎಂದು ಕಟ್ಟಿದರೆ ಅದನ್ನು ಕಟ್ಟಿದವರೊಬ್ಬರೇ ಓದಬೇಕು. ಹಾಗೇ ‘ದತ್ತಾಂಶ’ ಕೂಡ. ದತ್ತು ತೆಗೆದುಕೊಂಡ ಅಂಶವೇ? ‘ತಿಳಿಹ’ ಎನ್ನಿ, ‘ತಿಳಿಹದ ಕಣಜ’.

ಇಂದ: ಹಳಗನ್ನಡಿಗ

‘ಹವ್ಸು’, ‘ಕೋಶ್ಟಕ’ ಎಂದೆಲ್ಲ ಬರೆಯುವವರಿಂದ ಪದನಿರ್ಮಾಣದ ಪಾಠ ಬೇಡ. ‘ತಿಳಿಹ’ ಇನ್‌ಫರ್ಮೇಶನ್‌ಗೆ ಆದೀತು, ಡೇಟಾಕ್ಕೆ ಆಗದು. ಡೇಟಾ ಇನ್ನೂ ತಿಳಿವಳಿಕೆ ಆಗಿಲ್ಲದ ಕಚ್ಚಾ ಸರಕು. ಲ್ಯಾಟಿನ್ನಿನ ದಾತುಮ್ ಎಂದರೂ ‘ಕೊಟ್ಟದ್ದು’, ಸಂಸ್ಕೃತದ ದತ್ತ ಎಂದರೂ ‘ಕೊಟ್ಟದ್ದು’. ಧಾತುವೂ ಒಂದೇ, ಅರ್ಥವೂ ಒಂದೇ. ಇಷ್ಟು ಕರಾರುವಾಕ್ಕಾಗಿ ಹೊಂದುವ ಪದವನ್ನು ಬಿಟ್ಟುಕೊಡುವುದು ಹಟ.

ಇಂದ: ಲೆಕ್ಕಿಗ

ಫಲಕ ಓದುವವರಲ್ಲಿ ಲೆಕ್ಕಪತ್ರದವರೂ ಇದ್ದಾರೆ ಎಂದಿರಿ. ಅವರ ಬಾಯಲ್ಲಿ ಈ ಅರ್ಥಕ್ಕೆ ಪದ ಮೊದಲಿನಿಂದಲೂ ಇದೆ: ತಪಶೀಲು. ‘ಮೊತ್ತ ಕೊಟ್ಟಿದ್ದೀರಿ, ತಪಶೀಲು ಎಲ್ಲಿ?’ ಎಂದು ಕೇಳುತ್ತಾರೆ. ತಪಶೀಲುವಾರು ಎಂದರೆ ಒಂದೊಂದನ್ನೂ ಬಿಡಿಸಿ ಬರೆದದ್ದು. ‘ತಪಶೀಲು ಮಟ್ಟ ಗೊತ್ತುಮಾಡಿ’ ಎಂದರೆ ಅವರಿಗೆ ವಿವರಣೆಯೇ ಬೇಕಾಗುವುದಿಲ್ಲ.

ಇನ್ನೊಂದು ಮಾತು, ಅದೇ ವಿಭಾಗದವರಿಗಾಗಿ. ಬಿಡಿಯನ್ನು ಕೂಡಿಸುತ್ತಾ ಹೋದರೆ ಇಡಿ ಎಂದರು ಎಲ್ಲರಸೊಲ್ಲು. ಎಲ್ಲದಕ್ಕೂ ಅದು ನಿಜವಲ್ಲ. ಜಮಾ ಕೂಡುತ್ತದೆ, ಖರ್ಚು ಕೂಡುತ್ತದೆ, ಶಿಲ್ಕು, ಅಂದರೆ ಕೈಯಲ್ಲಿ ಉಳಿದದ್ದು, ಕೂಡುವುದಿಲ್ಲ. ಉಗ್ರಾಣದಲ್ಲಿ ಒಂದು ಸರಕು ದಿನವೂ 100 ಇದ್ದರೆ, 30 ದಿನದ ಸಾಲುಗಳನ್ನು ಕೂಡಿ ತಿಂಗಳ ದಾಸ್ತಾನು 3000 ಎನ್ನಲಾದೀತೇ? ತಿಂಗಳ ಕೊನೆಯ ದಿನದ್ದನ್ನು ತೆಗೆದುಕೊಳ್ಳಬೇಕು, ಇಲ್ಲವೇ ಸರಾಸರಿ. ಆದರೆ ಅದೇ ದಿನದ ಹತ್ತು ಉಗ್ರಾಣಗಳ ದಾಸ್ತಾನು ಕೂಡಬಹುದು. ಅಂದರೆ ಜಾಗದ ಮೇಲೆ ಕೂಡುತ್ತದೆ, ಕಾಲದ ಮೇಲೆ ಕೂಡುವುದಿಲ್ಲ. ಶೇಕಡಾವಾರು ಯಾವುದರ ಮೇಲೂ ಕೂಡುವುದಿಲ್ಲ. ಲಾಭದ ಶೇಕಡಾ ಇಡುವ ಬದಲು ಲಾಭ ಒಂದು ಅಂಕಣ, ಮಾರಾಟ ಒಂದು ಅಂಕಣ ಇಟ್ಟು, ಎರಡನ್ನೂ ಬೇರೆ ಬೇರೆ ಕೂಡಿದ ಮೇಲೆ ಭಾಗಿಸಬೇಕು.

ಇಂದ: ಹಳಗನ್ನಡಿಗ

ತಪಶೀಲು ಅರಬ್ಬಿ. ಸಂಸ್ಕೃತವನ್ನೇ ಕನ್ನಡದ ಜೊತೆ ಬೆರೆಸಬಾರದು ಎನ್ನುವಾಗ ಇದನ್ನು ತರುತ್ತೀರಿ!

ಇಂದ: ಲೆಕ್ಕಿಗ

ಸ್ವಾಮಿ, ತಾವು ಈಗಷ್ಟೇ ಬರೆದ ‘ಕರಾರುವಾಕ್ಕು’ ಯಾವ ಭಾಷೆ? ಕರಾರು ಅರಬ್ಬಿ, ಅದಕ್ಕೆ ಸಂಸ್ಕೃತದ ವಾಕ್ಕು ಅಂಟಿದೆ ಎಂದೇ ಬಹಳ ಜನ ತಿಳಿದಿದ್ದಾರೆ. ‘ಜಿಲ್ಲಾಧಿಕಾರಿ’ಯಲ್ಲಂತೂ ಅರಬ್ಬಿ ಮೂಲದ ಜಿಲ್ಲೆಗೂ ಸಂಸ್ಕೃತದ ಅಧಿಕಾರಿಗೂ ಸವರ್ಣದೀರ್ಘ ಸಂಧಿಯೇ ಆಗಿದೆ. ಖಾತೆ, ಬಾಕಿ, ವಸೂಲಿ, ರಸೀದಿ, ಜಮಾ, ಖರ್ಚು, ದಾಸ್ತಾನು ಎಲ್ಲ ಹೊರಗಿನಿಂದ ಬಂದವೇ. ಇವನ್ನು ಕಳೆದರೆ ಲೆಕ್ಕದ ಪುಸ್ತಕದಲ್ಲಿ ಬರೆಯಲು ಏನು ಉಳಿಯುತ್ತದೆ?

ನಯಸೇನನ ಮಾತು ಎತ್ತಿದಿರಿ. ತುಪ್ಪಕ್ಕೆ ಎಣ್ಣೆ ಬೆರೆಸಬಾರದೆಂದು ಹೇಳುವ ಆ ಪದ್ಯದಲ್ಲೇ ಅವನು ಬಳಸಿದ್ದು ಘೃತ, ತೈಲ ಎಂಬ ಸಂಸ್ಕೃತ ಪದಗಳನ್ನು.

ಇಂದ: ಎಲ್ಲರಸೊಲ್ಲು

ಬಂದ ಪದ ನಿಂತರೆ ನಿಲ್ಲಲಿ, ಅದರಲ್ಲಿ ಜಗಳವಿಲ್ಲ. ಬಾಕಿ, ಕಾತೆ ಎಲ್ಲರ ಬಾಯಲ್ಲೂ ಇವೆ, ಅವು ಕನ್ನಡದವೇ. ಕೇಳ್ವಿ ಇರುವುದು ಹೊಸದಾಗಿ ಕಟ್ಟುವಾಗ ಎಲ್ಲಿಂದ ತೆಗೆಯಬೇಕು ಎಂಬುದು. ಕೆಳಗಿನ ಮನೆಯಲ್ಲಿ ಬಿಡಿ ಇದ್ದಾಗ ತಪಶೀಲಿಗೂ ಹೋಗಬೇಕಿಲ್ಲ, ಕಣಕ್ಕೂ ಹೋಗಬೇಕಿಲ್ಲ. ತಪಶೀಲು ಲೆಕ್ಕದವರಿಗೆ ಗೊತ್ತು, ಮಾರಾಟದ ಹೊಸ ಹುಡುಗರಿಗೆ ಗೊತ್ತಿಲ್ಲ.

ಇಂದ: ಹಳಗನ್ನಡಿಗ

ಘೃತ, ತೈಲ ಬಳಸಿದ್ದು ತಪ್ಪಲ್ಲ. ಸಮಾಸದಲ್ಲಿ ಬೆರೆಸುವುದು ತಪ್ಪು. ಪದ ಎರವಲು ತರುವುದು ಬೇರೆ, ಕುಲಬೇಧದ ಎರಡನ್ನು ಒಂದೇ ಪದವಾಗಿ ಹೊಲಿಯುವುದು ಬೇರೆ. ಈ ವ್ಯತ್ಯಾಸ ಗೊತ್ತಿಲ್ಲದೆ ಮಾತಾಡಬಾರದು.

ಇಂದ: ಪದಮೂಲ

‘ಕುಲಬೇಧ’ ಅಲ್ಲ, ‘ಕುಲಭೇದ’. ‘ಬಿಡಿಭಾಗ’ಕ್ಕೆ ಏನನ್ನುತ್ತೀರಿ? ಬಿಡಿ ಕನ್ನಡ, ಭಾಗ ಸಂಸ್ಕೃತ. ಯಂತ್ರ ಇಟ್ಟುಕೊಂಡವರೆಲ್ಲ ಬಳಸುತ್ತಾರೆ. ‘ಭಾಗ’ ಸಮಸಂಸ್ಕೃತ, ಅಂದರೆ ರೂಪ ಬದಲಾಗದೆ ಕನ್ನಡದಲ್ಲೂ ನಡೆಯುವ ಸಂಸ್ಕೃತ ಪದ, ಹಾಗಾಗಿ ದೋಷವಿಲ್ಲ ಎನ್ನುತ್ತೀರೇನೋ. ಆ ಲೆಕ್ಕಕ್ಕೆ ‘ಅಂಶ’ವೂ ಸಮಸಂಸ್ಕೃತವೇ, ‘ದತ್ತಾಂಶ’ವೂ ಅದೇ. ಅಲ್ಲಿಗೆ ‘ದತ್ತಾಂಶ ಕಣಜ’ ನಿಮ್ಮ ಸೂತ್ರದಿಂದಲೇ ನಿಲ್ಲುತ್ತದೆ.

ಇಂದ: ಹಳಗನ್ನಡಿಗ

ಬೆರಳು ಜಾರಿತು, ಕುಲಭೇದವೇ. ಸಮಸಂಸ್ಕೃತದ ಮಾತನ್ನು ಒಪ್ಪುತ್ತೇನೆ, ತಲೆಬರಹ ಇರಲಿ. ‘ತಿಳಿಹ’ವನ್ನು ಮಾತ್ರ ಒಪ್ಪುವುದಿಲ್ಲ.

ಇಂದ: ಕರಡುಪ್ರತಿ

ತಲೆಬರಹ ಉಳಿಯಿತು, ಎಲ್ಲರಿಗೂ ಕೃತಜ್ಞತೆ. ‘ಬಿಡಿ’ ನನಗೂ ಹಿಡಿಸಿತು. ತೊಂದರೆ ಒಂದೇ. ದೊಡ್ಡಕ್ಷರದಲ್ಲಿ ‘ಬಿಡಿ ಗೊತ್ತುಮಾಡಿ’ ಎಂದು ಹಾಕಿದರೆ ‘ಬಿಟ್ಟುಬಿಡಿ, ಗೊತ್ತುಮಾಡಿ’ ಎಂದು ಓದಿಕೊಳ್ಳುವವರು ಖಂಡಿತ ಇರುತ್ತಾರೆ. ‘ಬಿಡಿಯನ್ನು’ ಎಂದರೆ ಉದ್ದವಾಗುತ್ತದೆ, ಆಗಲೂ ತಡವರಿಸುತ್ತದೆ.

ಇಂದ: ಕೋಷ್ಟಕ

‘ಬಿಡಿಮಟ್ಟ’ ಎಂದು ಒಂದೇ ಪದ ಮಾಡಿ. ತಪಶೀಲಿನ ಜೊತೆ ‘ಮಟ್ಟ’ ಸೇರಿಸಿದ್ದು ಲೆಕ್ಕಿಗರು, ಅದನ್ನು ಬಿಡಿಗೆ ಹಚ್ಚಿದರೆ ಕ್ರಿಯಾಪದದ ಗೊಂದಲ ಹೋಗುತ್ತದೆ. ಗ್ರೇನ್‌ನ ನಿಜವಾದ ಅರ್ಥವೂ ‘ಮಟ್ಟ’ದಲ್ಲೇ ಇದೆ. ಇದನ್ನು ಮೂರು ಕಡೆ ಇಟ್ಟು ನೋಡಿದೆ.

ಒಂದು, ಕೆಳಕ್ಕೂ ಮೇಲಕ್ಕೂ ಹೋಗುವ ಮಾತಿನಲ್ಲಿ. 100 ಮಳಿಗೆ, ಮಳಿಗೆಗೆ 5,000 ಸರಕು, ದಿನಕ್ಕೊಮ್ಮೆ ದಾಸ್ತಾನು ಬರೆದರೆ ವರ್ಷಕ್ಕೆ 18.25 ಕೋಟಿ ಸಾಲು. ತಿಂಗಳಿಗೊಮ್ಮೆ ಬರೆದರೆ 60 ಲಕ್ಷ. ಸಾಲಿಗೆ 40 ಬೈಟ್ ಹಿಡಿದರೂ ದಿನದ್ದು 7.3 ಗಿಗಾಬೈಟ್, ಇವತ್ತಿನ ಯಂತ್ರಗಳಿಗೆ ಅದು ಹೊರೆಯಲ್ಲ. ಆದರೂ ಜಾಗ ಉಳಿಸಲು ‘ತಿಂಗಳ ಬಿಡಿಮಟ್ಟ ಸಾಕು’ ಎಂದು ತೀರ್ಮಾನಿಸುವವರಿದ್ದಾರೆ. ಆಮೇಲೆ ‘ತಿಂಗಳ ನಡುವೆ ಯಾವ ಸರಕು ಎಷ್ಟು ದಿನ ಖಾಲಿಯಾಗಿತ್ತು?’ ಎಂಬ ಪ್ರಶ್ನೆ ಬಂದಾಗ ಉತ್ತರ ಇರುವುದಿಲ್ಲ, ಹಿಂದಿನದನ್ನು ಕಟ್ಟಿಕೊಡಲೂ ಆಗುವುದಿಲ್ಲ. ‘ದಿನದ ಬಿಡಿಮಟ್ಟ’, ‘ತಿಂಗಳ ಬಿಡಿಮಟ್ಟ’ ಎರಡೂ ಸರಾಗವಾಗಿ ಬರುತ್ತವೆ. ವಾರದ ಬಿಡಿಮಟ್ಟವಂತೂ ಇನ್ನೂ ಕೆಟ್ಟ ಆಯ್ಕೆ. ವಾರ ಎರಡು ತಿಂಗಳಿಗೆ ಹಂಚಿಹೋಗುವುದರಿಂದ ಅದನ್ನು ಕೂಡಿ ತಿಂಗಳ ಲೆಕ್ಕ ಮಾಡಲು ಬರುವುದೇ ಇಲ್ಲ.

ಎರಡು, ಎಚ್ಚರಿಕೆಯ ಮಾತಿನಲ್ಲಿ: ‘ಒಂದು ಸಂಗತಿ ಕೋಷ್ಟಕಕ್ಕೆ ಒಂದೇ ಬಿಡಿಮಟ್ಟ’. ಆದೇಶದ ಸಾಲುಗಳ ನಡುವೆ ತಿಂಗಳ ಗುರಿಯ ಸಾಲು ಸೇರಿಸಿದರೆ ಮೊತ್ತ ಹಾಳು. ಗುರಿಗೆ ಬೇರೆ ಕೋಷ್ಟಕ ಇರಬೇಕು.

ಮೂರು, ಪರೀಕ್ಷೆಯ ಮಾತಿನಲ್ಲಿ: ‘ಬಿಡಿಮಟ್ಟ ಮುರಿದಿದೆಯೇ?’ ಸಾಲನ್ನು ಗುರುತಿಸುವ ಅಂಕಣಗಳನ್ನು, ಅಂದರೆ ಆದೇಶ ಸಂಖ್ಯೆ ಮತ್ತು ಸರಕಿನ ಸಾಲು ಸಂಖ್ಯೆಯನ್ನು, ಗುಂಪು ಮಾಡಿ ಎಣಿಸಬೇಕು. ಎಲ್ಲಾದರೂ ಎಣಿಕೆ 1ಕ್ಕಿಂತ ಹೆಚ್ಚು ಬಂದರೆ ಒಂದೇ ಕಡತ ಎರಡು ಸಲ ತುಂಬಿದೆ, ಇಲ್ಲವೇ ಆಯಾಮದ ಕೋಷ್ಟಕದಲ್ಲಿ ಒಂದೇ ಕೀಲಿ (ಸಾಲನ್ನು ಗುರುತಿಸುವ ಸಂಖ್ಯೆ) ಎರಡು ಕಡೆ ಇದೆ. ಪ್ರತಿ ಸಲ ತುಂಬಿದ ಮೇಲೂ ಈ ಎಣಿಕೆ ಆಗಬೇಕು. ಮೂರೂ ಕಡೆ ಪದ ತಡೆಯಲಿಲ್ಲ.

ಇನ್ನು ‘ಕನ್‌ಫಾರ್ಮ್ಡ್’. ಇಲ್ಲಿ ಯಾರೂ ಏನನ್ನೂ ದೃಢೀಕರಿಸುವುದಿಲ್ಲ. ಮಾರಾಟದವರ ‘ಉತ್ತರ ವಲಯ’ದಲ್ಲಿ 6 ಶಾಖೆ, ಲೆಕ್ಕಪತ್ರದವರ ‘ಉತ್ತರ ವಲಯ’ದಲ್ಲಿ 5. ಎರಡೂ ವಿಭಾಗದ ಸಂಖ್ಯೆಗಳನ್ನು ಒಂದೇ ವರದಿಯಲ್ಲಿ ಪಕ್ಕಪಕ್ಕ ಇಟ್ಟರೆ ತಲೆಬರಹ ಒಂದೇ, ಒಳಗಿನ ಶಾಖೆಗಳು ಬೇರೆ. ವಲಯದ ಪಟ್ಟಿಯನ್ನು ಒಮ್ಮೆ ಕೂತು ಒಪ್ಪಿ, ಅದೇ ಕೀಲಿ, ಅದೇ ಹೆಸರು, ಅದೇ ಹಂಚಿಕೆಯನ್ನು ಎಲ್ಲ ಸಂಗತಿ ಕೋಷ್ಟಕಗಳೂ ಬಳಸುವಂತೆ ಮಾಡಿದರೆ ಅದು ಕನ್‌ಫಾರ್ಮ್ಡ್. ‘ಹೊಂದಿಸಿದ ಆಯಾಮ’ ಎನ್ನಬಹುದು. ನನ್ನ ಒಲವು ‘ಒಪ್ಪಿತ ಆಯಾಮ’ದ ಕಡೆಗೆ, ಏಕೆಂದರೆ ಕೆಲಸದ ಬಹುಪಾಲು ಕೋಷ್ಟಕ ಹೊಂದಿಸುವುದರಲ್ಲಿ ಇಲ್ಲ, ವಿಭಾಗಗಳನ್ನು ಒಪ್ಪಿಸುವುದರಲ್ಲಿದೆ.

ಇಂದ: ಲೆಕ್ಕಿಗ

‘ಒಪ್ಪಿತ’ ಒಪ್ಪಿಗೆ. ಮೂರನೆಯ ಸೂತ್ರ ‘ಸಿಂಗಲ್ ವರ್ಶನ್ ಆಫ್ ಟ್ರುತ್’ ಇರಬೇಕಲ್ಲ, ಅದನ್ನು ಏನು ಮಾಡಿದ್ದೀರಿ? ‘ಏಕೈಕ ಸತ್ಯ’ ಎಂದಿದ್ದರೆ ತೆಗೆಯಿರಿ, ಅದು ವೇದಾಂತವಾಗುತ್ತದೆ. ‘ಗ್ರಾಹಕ’ ಎಂದರೆ ಮಾರಾಟದವರಿಗೆ ಆದೇಶ ಕೊಟ್ಟವರು, ಲೆಕ್ಕಪತ್ರದವರಿಗೆ ಹಣ ಕಟ್ಟಿದವರು, ಸೇವಾ ವಿಭಾಗಕ್ಕೆ ಒಪ್ಪಂದ ಚಾಲ್ತಿಯಲ್ಲಿರುವವರು. ಮೂರು ಎಣಿಕೆಯೂ ಸರಿ, ಯಾವುದೂ ಸುಳ್ಳಲ್ಲ. ಬೇಕಾದದ್ದು ಮೂರಕ್ಕೂ ಮೂರು ಹೆಸರು ಮತ್ತು ‘ಗ್ರಾಹಕ’ ಎಂದು ಬರಿದೇ ಬರೆದರೆ ಯಾವುದು ಎಂಬ ಒಪ್ಪಂದ.

ಇಂದ: ಹಳಗನ್ನಡಿಗ

‘ಬಿಡಿಮಟ್ಟ’ ಎರಡೂ ದೇಶ್ಯ, ಸಮಾಸ ಶುದ್ಧ. ತಕರಾರಿಲ್ಲ. ‘ಒಪ್ಪಿತ’ದಲ್ಲಿ ಕನ್ನಡ ಧಾತುವಿಗೆ ಸಂಸ್ಕೃತದ ‘ಇತ’ ಅಂಟಿದೆ. ‘ಒಪ್ಪಿದ ಆಯಾಮ’ ಎನ್ನಬೇಕು.

ಇಂದ: ಎಲ್ಲರಸೊಲ್ಲು

ಮೊದಲ ಬಾರಿಗೆ ಹಳಗನ್ನಡಿಗರ ಮಾತಿಗೆ ನನ್ನದೂ ಹೂಂ. ‘ಒಪ್ಪಿದ’.

ಇಂದ: ಕೋಷ್ಟಕ

‘ಒಪ್ಪಿದ ಆಯಾಮ’ ಎಂದರೆ ಆಯಾಮವೇ ಒಪ್ಪಿಕೊಂಡಿತು ಎಂಬ ಅರ್ಥವೂ ಬರುತ್ತದೆ. ‘ಒಪ್ಪಿತ’ ಕಾಗದಪತ್ರಗಳಲ್ಲಿ ಬಹುಕಾಲದಿಂದ ನಿಂತಿದೆ. ಕರಡುಪ್ರತಿ ಅವರೇ, ಅದನ್ನೇ ಇಡಿ.

ಇಂದ: ಕರಡುಪ್ರತಿ

‘ಒಪ್ಪಿತ ಆಯಾಮ’ವನ್ನೇ ಇಡುತ್ತೇನೆ. ‘ಏಕೈಕ ಸತ್ಯ’ ಎಂದೇ ಇತ್ತು, ತೆಗೆದೆ. ಬದಲಾದ ಸಾಲುಗಳು ಹೀಗಿವೆ, ಕೊನೆಯದಾಗಿ ಒಮ್ಮೆ ನೋಡಿಕೊಡಿ.

ಮೂರನೆಯದು: ‘ಒಂದು ಹೆಸರಿಗೆ ಒಂದೇ ಅರ್ಥ. ಎಲ್ಲ ವಿಭಾಗಗಳೂ ಕೂತು ಒಪ್ಪಿ, ಬರೆದಿಡಿ.’

ನಾಲ್ಕನೆಯದು: ‘ಬಿಡಿಮಟ್ಟ ಗೊತ್ತುಮಾಡಿ. ಒಂದು ಸಾಲು ಎಂದರೆ ಏನು ಎಂದು ಒಂದೇ ವಾಕ್ಯದಲ್ಲಿ ಬರೆಯಿರಿ.’

ಐದನೆಯದು: ‘ಹಳೆಯದನ್ನು ಅಳಿಸಬೇಡಿ. ಬದಲಾದಾಗ ದಿನಾಂಕ ಹಾಕಿ ಹೊಸ ಸಾಲು ಸೇರಿಸಿ.’

ಆರನೆಯದು: ‘ಬಿಡಿ ಮೊದಲು, ಮೊತ್ತ ಆಮೇಲೆ. ಮೊತ್ತದಿಂದ ಬಿಡಿಗೆ ಮರಳಲಾಗದು.’

ಏಳನೆಯದು: ‘ತಪ್ಪನ್ನು ಮುಚ್ಚಿಡಬೇಡಿ. ಹುಟ್ಟಿದ ಕಡೆಯಲ್ಲೇ ತಿದ್ದಿಸಿ.’

ಇಂದ: ಕೋಷ್ಟಕ

ಐದನೆಯದನ್ನು ಹೀಗೆ ಬಿಟ್ಟರೆ ತಪ್ಪು ದಾರಿ ಹಿಡಿಯುತ್ತಾರೆ. ಗ್ರಾಹಕರೊಬ್ಬರು ಪೂರ್ವ ವಲಯದಿಂದ ಉತ್ತರಕ್ಕೆ ಹೋದರೆ ಅದು ಬದಲಾವಣೆ. ಹಳೆಯ ಸಾಲಿಗೆ ಮುಕ್ತಾಯದ ದಿನಾಂಕ ಹಾಕಿ, ಹೊಸ ಕೀಲಿಯೊಂದಿಗೆ ಹೊಸ ಸಾಲು ಸೇರಿಸಬೇಕು. ಚಾಲ್ತಿ ಸಾಲಿನ ಮುಕ್ತಾಯಕ್ಕೆ 31-12-9999 ಎಂದು ಇಡುವುದು ರೂಢಿ, ಖಾಲಿ ಬಿಟ್ಟರೆ ದಿನಾಂಕ ಹೋಲಿಸುವ ಪ್ರಶ್ನೆಗಳಲ್ಲಿ ಆ ಸಾಲೇ ಬಿದ್ದುಹೋಗುತ್ತದೆ. ಹೀಗೆ ಮಾಡಿದರೆ ಹೋದ ವರ್ಷದ ಮಾರಾಟ ಪೂರ್ವದಲ್ಲೇ ಉಳಿಯುತ್ತದೆ, ಈ ವರ್ಷದ್ದು ಉತ್ತರಕ್ಕೆ ಸೇರುತ್ತದೆ.

ಆದರೆ ಹೆಸರಿನ ಕಾಗುಣಿತ ತಪ್ಪಿದ್ದರೆ ಅದು ಬದಲಾವಣೆಯಲ್ಲ, ತಿದ್ದುಪಡಿ. ಅದಕ್ಕೂ ಹೊಸ ಸಾಲು ಸೇರಿಸುತ್ತಾ ಹೋದರೆ ಒಬ್ಬರೇ ಗ್ರಾಹಕರು ನಾಲ್ಕು ಸಾಲಾಗುತ್ತಾರೆ, ಸಾಲು ಎಣಿಸಿ ಗ್ರಾಹಕರ ಸಂಖ್ಯೆ ಹೇಳುವ ವರದಿ ಉಬ್ಬುತ್ತದೆ. ಕಾಗುಣಿತವನ್ನು ಇದ್ದಲ್ಲೇ ತಿದ್ದಬೇಕು. ಯಾವ ಅಂಕಣ ಯಾವ ಬಗೆ ಎಂದು ಮೊದಲೇ ಗುರುತು ಹಾಕುವುದು ಆ ಮಾಹಿತಿಯ ಹೊಣೆಗಾರರ ಕೆಲಸ.

ಹೀಗೆ ಮಾಡಿ: ‘ಬದಲಾವಣೆಗೆ ಹೊಸ ಸಾಲು, ತಪ್ಪಿಗೆ ತಿದ್ದುಪಡಿ. ಯಾವುದು ಯಾವುದೆಂದು ಹೊಣೆಗಾರರು ಹೇಳಲಿ.’ ಒಂಬತ್ತು ಪದ. ಎಣಿಸಿದ್ದೇನೆ.

ಇಂದ: ಕರಡುಪ್ರತಿ

ಹಾಕಿದೆ. ನಾಲ್ಕನೆಯದು ‘ಬಿಡಿಮಟ್ಟ’, ಸೇರಿಸಿ ಬರೆದಿದ್ದೇನೆ, ನಡುವೆ ಜಾಗವಿಲ್ಲ.

ಇಂದ: ಹಳಗನ್ನಡಿಗ

ಜಾಗ ಬಿಡಲೇಬಾರದು. ಸಾಲು ಮುರಿಯುವಾಗಲೂ ‘ಬಿಡಿ’ ಒಂದು ಕಡೆ, ‘ಮಟ್ಟ’ ಇನ್ನೊಂದು ಕಡೆ ಬೀಳದಂತೆ ಮುದ್ರಕರಿಗೆ ಹೇಳಿ.